ಹೊಸ ಸಂಪಾದಕರ ಚರ್ಚೆಪುಟದಲ್ಲಿ ನಾನು ಬರೆಯುವುದು

ಕೆಲವು ವರ್ಷಗಳ ಹಿಂದೆ, ಕನ್ನಡ ವಿಕಿಪೀಡಿಯಕ್ಕೆ ಆಗಷ್ಟೇ ಸೇರಿದ್ದ ಸದಸ್ಯರೊಬ್ಬರು ತಮ್ಮ ಊರಿನ ಕೆರೆಯ ಬಗ್ಗೆ ಲೇಖನ ಬರೆದಿದ್ದರು. ತೂಬು ಯಾವ ದಿಕ್ಕಿನಲ್ಲಿದೆ, ಕೋಡಿ ಬಿದ್ದಾಗ ನೀರು ಎಲ್ಲಿಗೆ ಹರಿಯುತ್ತದೆ, ಏರಿಯ ಮೇಲಿದ್ದ ಶಾಸನದ ಕಲ್ಲು ಈಗ ಎಲ್ಲಿದೆ ಎಂಬುದನ್ನೆಲ್ಲ ಕಣ್ಣಾರೆ ಕಂಡವರ ಖಚಿತತೆಯಿಂದ ಬರೆದಿದ್ದರು. ಆದರೆ ಮಾಹಿತಿಗೆ ಆಧಾರ ತೋರಿಸುವ ಒಂದೂ ಉಲ್ಲೇಖವಿರಲಿಲ್ಲ. ಹತ್ತೇ ನಿಮಿಷದಲ್ಲಿ ನಾನು ಅಳಿಸುವಿಕೆಯ ಟೆಂಪ್ಲೇಟು, ಅಂದರೆ ಲೇಖನವನ್ನು ಅಳಿಸಬೇಕೆಂಬ ಸಿದ್ಧ ಸೂಚನೆ, ಹಾಕಿದೆ. ಲೇಖನ ಅಳಿಸಿಹೋಯಿತು, ಅವರು ಮತ್ತೆ ಬರಲಿಲ್ಲ. 2003ರಿಂದ ನಡೆದುಬಂದಿದ್ದರೂ ನಿಯಮಿತವಾಗಿ ಸಂಪಾದಿಸುವವರು ಇಂದಿಗೂ ಕಡಿಮೆ ಇರುವ ಯೋಜನೆಯಲ್ಲಿ ಅದು ಸಣ್ಣ ನಷ್ಟವಲ್ಲ.

ನಾನು ಹೇಳಬೇಕಾಗಿದ್ದ ಮಾತು ಬೇರೆಯೇ ಇತ್ತು. ಬಿ. ಎಲ್. ರೈಸ್ ಅವರು ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನಸಂಗ್ರಹದ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಕೊಡಲಾಗಿದೆ. ಆ ಕಲ್ಲಿನ ಪಾಠ ಅಲ್ಲಿ ಸಿಕ್ಕಿದ್ದರೆ ಲೇಖನಕ್ಕೆ ಒಂದು ಗಟ್ಟಿ ಆಧಾರ ದೊರೆಯುತ್ತಿತ್ತು. ‘ಉಲ್ಲೇಖವಿಲ್ಲ’ ಎಂದಷ್ಟೇ ಹೇಳಿದರೆ ಹೊಸಬರಿಗೆ ಬಾಗಿಲು ಮುಚ್ಚಿದಂತೆ ಕಾಣುತ್ತದೆ, ಉಲ್ಲೇಖವನ್ನು ಎಲ್ಲಿ ಹುಡುಕಬೇಕೆಂದು ತಿಳಿಸಿದರೆ ಕೆಲಸ ಮುಂದುವರಿಯುತ್ತದೆ.

ಈಗ ನಾನು ಮೊದಲು ಪುಟದ ಇತಿಹಾಸವನ್ನು ನೋಡುತ್ತೇನೆ. ಬರೆಯುತ್ತಿರುವವರು ಇನ್ನೂ ಐದು ನಿಮಿಷಕ್ಕೊಮ್ಮೆ ಉಳಿಸುತ್ತಿದ್ದರೆ ನಡುವೆ ಕೈಹಾಕುವುದಿಲ್ಲ. ಹಾಕಿದರೆ, ಇಬ್ಬರು ಒಂದೇ ವೇಳೆಗೆ ತಿದ್ದಿದಾಗ ಬರುವ ಸಂಪಾದನಾ ಸಂಘರ್ಷದ ಪರದೆ ಎದುರಾಗಿ ಅವರು ಗಾಬರಿಯಾಗುತ್ತಾರೆ. ಮರುದಿನ ಅವರ ಚರ್ಚೆಪುಟದಲ್ಲಿ (ಸದಸ್ಯರಿಗೆ ಸಂದೇಶ ಬರೆಯುವ ಪುಟ) ನನ್ನದೇ ಮಾತಿನಲ್ಲಿ, ಲೇಖನದಲ್ಲಿ ಉಳಿಯಬೇಕಾದುದು ಯಾವುದು ಎಂಬುದನ್ನು ನಿರ್ದಿಷ್ಟವಾಗಿ ಹೇಳಿ, ತಿದ್ದಬೇಕಾದ ಒಂದೇ ಒಂದು ಸಂಗತಿಯನ್ನು ಬರೆಯುತ್ತೇನೆ. ಹತ್ತು ತಪ್ಪುಗಳಿದ್ದರೂ ಒಂಬತ್ತನ್ನು ಆ ದಿನ ಬಿಡುತ್ತೇನೆ, ಇಲ್ಲವೇ ನಾನೇ ಸರಿಪಡಿಸಿ ಸಂಪಾದನೆಯ ಸಾರಾಂಶದಲ್ಲಿ ಕಾರಣ ಬರೆಯುತ್ತೇನೆ.

ಕೃತಿಸ್ವಾಮ್ಯದ ವಿಷಯದಲ್ಲಿ ಮಾತ್ರ ಕಾಯುವಂತಿಲ್ಲ. ಪತ್ರಿಕೆಯಿಂದಲೋ ಪುಸ್ತಕದಿಂದಲೋ ನಕಲು ಮಾಡಿದ ಪಠ್ಯವನ್ನು ಕೂಡಲೇ ತೆಗೆಯಬೇಕು. ಆದರೆ ಕಳ್ಳತನದ ಆರೋಪ ಹೊರಿಸಬೇಕಾಗಿಲ್ಲ. ಭಾರತದಲ್ಲಿ ಲೇಖಕರ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ, ಆದ್ದರಿಂದ ಓದಿ ಅರಗಿಸಿಕೊಂಡು ಸ್ವಂತ ವಾಕ್ಯಗಳಲ್ಲಿ ಬರೆಯಿರಿ ಎಂದರೆ ಬಹುತೇಕರು ಒಪ್ಪುತ್ತಾರೆ.

ನಮ್ಮ ಭಾಷೆಯಲ್ಲಿ ಬರೆಯುವಾಗ ಎದುರಾಗುವ ಇಕ್ಕಟ್ಟೊಂದಿದೆ. ‘ಪೂಜ್ಯ’, ‘ಶ್ರೀಯುತ’, ‘ಖ್ಯಾತ’ ಎಂಬ ವಿಶೇಷಣಗಳನ್ನು ವಿಶ್ವಕೋಶದ ತಟಸ್ಥ ಧಾಟಿಗಾಗಿ ತೆಗೆದರೆ ಹಿರಿಯರಿಗೆ ಅವಮಾನವಾಯಿತೆಂದು ಹೊಸಬರು ನೊಂದುಕೊಳ್ಳುತ್ತಾರೆ. ಆಗ ನಾನು ‘ಬರೆದರು’, ‘ಹುಟ್ಟಿದರು’ ಎಂಬ ಬಹುವಚನದ ಕ್ರಿಯಾಪದದಲ್ಲೇ ಗೌರವವಿದೆ ಎಂಬುದನ್ನು ಅವರದೇ ವಾಕ್ಯವೊಂದನ್ನು ತಿದ್ದಿ ತೋರಿಸಿ, ಉಳಿದ ವಾಕ್ಯಗಳನ್ನು ಅವರಿಗೇ ಬಿಡುತ್ತೇನೆ. ಇದು ನಾನು ಕಂಡುಕೊಂಡ ದಾರಿಗಳಲ್ಲಿ ಅತ್ಯಂತ ಫಲ ಕೊಟ್ಟದ್ದು.

ಶಿಷ್ಟಾಚಾರದ ಮಾತುಗಳನ್ನು ಸಂದರ್ಭ ಬಂದಾಗಲೇ ಹೇಳುತ್ತೇನೆ: ಚರ್ಚೆಯ ಕೊನೆಯಲ್ಲಿ ನಾಲ್ಕು ಟಿಲ್ಡೆ (~~~~) ಹಾಕಿ ಸಹಿ ಮಾಡುವುದು, ಇತರರ ಮಾತನ್ನು ಅಳಿಸದಿರುವುದು, ತಮ್ಮ ಬದಲಾವಣೆಯನ್ನು ಯಾರಾದರೂ ರದ್ದುಗೊಳಿಸಿದರೆ ಮತ್ತೆ ಅದನ್ನೇ ಹಾಕುವ ಬದಲು ಲೇಖನದ ಚರ್ಚೆಪುಟದಲ್ಲಿ ಕೇಳುವುದು, ಅಲ್ಲಿ ಬಗೆಹರಿಯದಿದ್ದರೆ ಎಲ್ಲ ಸಂಪಾದಕರ ಸಾಮಾನ್ಯ ಚರ್ಚಾಪುಟವಾದ ಅರಳಿ ಕಟ್ಟೆಗೆ ತರುವುದು.

ಅಳಿಸಿದ ಪುಟವನ್ನು ನಿರ್ವಾಹಕರು ಮರಳಿಸಬಲ್ಲರು. ಕಳೆದ ತಿಂಗಳು ಆ ಕೆರೆಯ ಲೇಖನವನ್ನು ಅದನ್ನು ಬರೆದವರ ಪ್ರಯೋಗಪುಟಕ್ಕೆ (ಕರಡು ಬರೆದು ನೋಡುವ ಪುಟ) ಮರಳಿಸುವಂತೆ ಕೋರಿದೆ, ಮರಳಿಸಿದರು. ಅವರ ಚರ್ಚೆಪುಟದಲ್ಲಿ ಕ್ಷಮೆ ಕೇಳಿ, ನೋಡಬೇಕಾದ ಸಂಪುಟದ ವಿವರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಆ ಪುಟ, ಬದಲಾವಣೆಗಳನ್ನು ತೋರಿಸುವ ನನ್ನ ವೀಕ್ಷಣಾಪಟ್ಟಿಯಲ್ಲಿದೆ.