ಲೇಬಲ್ ಕರಾರಿಗೆ ಸಹಿ ಹಾಕುವ ಮುನ್ನ: ರಾಕ್ ಬ್ಯಾಂಡ್ ತನ್ನ ಸಂಗೀತದ ಮೇಲಿನ ಹಿಡಿತ ಉಳಿಸಿಕೊಳ್ಳುವುದು ಹೇಗೆ

ಬ್ಯಾಂಡ್‌ಗೂ ರೆಕಾರ್ಡ್ ಲೇಬಲ್‌ಗೂ ಜಗಳ ಹತ್ತುವುದು ಸಾಮಾನ್ಯವಾಗಿ ಆಲ್ಬಂ ಮುಗಿದ ಮೇಲೆ. ಆ ಜಗಳದಲ್ಲಿ ಯಾರ ಕೈ ಮೇಲಾಗುತ್ತದೆ ಅನ್ನುವುದು ಮಾತ್ರ ಸಹಿ ಬಿದ್ದ ದಿನವೇ ತೀರ್ಮಾನವಾಗಿರುತ್ತದೆ. ‘ನಿಮಗೆ ಪೂರ್ತಿ ಸ್ವಾತಂತ್ರ್ಯ ಇದೆ’ ಎಂದು ಲೇಬಲ್‌ನವರು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಕರಾರಿನ ಯಾವ ಕಲಂ ನಿಮ್ಮನ್ನು ಕಟ್ಟಿಹಾಕುತ್ತದೆ, ಅದನ್ನು ಹೇಗೆ ತಿದ್ದಿಸಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ. ಮನರಂಜನಾ ಉದ್ಯಮದ ಕರಾರುಗಳನ್ನೇ ನೋಡುವ ವಕೀಲರನ್ನು ಇಟ್ಟುಕೊಳ್ಳಲೇಬೇಕು. ಅವರಿಗೆ ಏನು ಕೇಳಬೇಕು ಅನ್ನುವುದು ನಿಮಗೆ ಗೊತ್ತಿರಲಿ.

ಮೊದಲು ಡೆಲಿವರಿ ಮತ್ತು ಸ್ವೀಕಾರದ ಕಲಂ

ಇಡೀ ಕರಾರಿನಲ್ಲಿ ಒಂದೇ ಕಲಂ ಓದಲು ಸಮಯವಿದೆ ಅಂದರೆ ಇದನ್ನೇ ಓದಿ. ಡೆಲಿವರಿ ಅಂದರೆ ಹಾಡಿನ ಫೈಲ್ ಕಳಿಸಿ ಕೈತೊಳೆದುಕೊಳ್ಳುವುದಲ್ಲ. ಮಾಸ್ಟರ್ (ಬಿಡುಗಡೆಗೆ ಸಿದ್ಧವಾದ ಅಂತಿಮ ಮುದ್ರಿಕೆ), ಹಾಡುಗಳ ಸಾಹಿತ್ಯ, ಬರೆದವರ ಪಾಲಿನ ಪಟ್ಟಿ, ಬಾಡಿಗೆಗೆ ಬಂದು ನುಡಿಸಿದವರ ಸಹಿ ಇರುವ ಒಪ್ಪಿಗೆ ಪತ್ರ, ಸ್ಯಾಂಪಲ್ (ಬೇರೆಯವರ ಮುದ್ರಿಕೆಯ ತುಣುಕು) ಬಳಸಿದ್ದರೆ ಅದರ ಅನುಮತಿ ಎಲ್ಲವೂ ಅದರಲ್ಲಿ ಸೇರಿರುತ್ತದೆ. ಒಂದು ಕಾಗದ ಬಾಕಿ ಉಳಿದರೂ ‘ಇನ್ನೂ ಡೆಲಿವರಿ ಆಗಿಲ್ಲ’ ಎಂದು ಲೇಬಲ್ ಕೂತುಬಿಡಬಹುದು. ಹಾಗಾಗಿ ಏನೇನು ಕೊಡಬೇಕು ಅನ್ನುವ ಪಟ್ಟಿಯನ್ನು ಕರಾರಿಗೇ ಲಗತ್ತಿಸಿ. ಒಪ್ಪಿಗೆ ಪತ್ರಗಳಿಗೆ ರೆಕಾರ್ಡಿಂಗ್ ನಡೆದ ದಿನವೇ ಸಹಿ ಹಾಕಿಸಿ. ಆಮೇಲೆ ಜನ ಸಿಗುವುದಿಲ್ಲ.

ಮುಂದಿನದು ಸ್ವೀಕಾರ. ಆಲ್ಬಂ ‘ತಾಂತ್ರಿಕವಾಗಿ ತೃಪ್ತಿಕರ’ ಆಗಿರಬೇಕೋ ‘ವಾಣಿಜ್ಯಿಕವಾಗಿ ತೃಪ್ತಿಕರ’ ಆಗಿರಬೇಕೋ ನೋಡಿ. ಮೊದಲನೆಯದನ್ನು ಅಳೆಯಬಹುದು. ಮಾಸ್ಟರ್‌ನಲ್ಲಿ ಕ್ಲಿಕ್, ತುಂಡಾದ ಶಬ್ದ, ತಪ್ಪು ಫಾರ್ಮ್ಯಾಟ್ ಇದೆಯೋ ಇಲ್ಲವೋ ಅನ್ನುವುದಕ್ಕೆ ಉತ್ತರವಿದೆ. ಎರಡನೆಯದು ಬರೀ ಲೇಬಲ್‌ನ ಅಭಿಪ್ರಾಯ. ‘ಇದರಲ್ಲಿ ರೇಡಿಯೋಗೆ ಹೋಗುವ ಹಾಡಿಲ್ಲ’ ಅಂದರೆ ಸಾಕು, ಆಲ್ಬಂ ತಿರಸ್ಕೃತ. ತಿರಸ್ಕಾರವಾದ ಆಲ್ಬಂ ಎಣಿಕೆಗೆ ಬರುವುದಿಲ್ಲ, ಮುಂಗಡದ ಉಳಿದ ಕಂತು ಬರುವುದಿಲ್ಲ, ಕರಾರಿನ ಅವಧಿ ತಾನಾಗಿಯೇ ಉದ್ದವಾಗುತ್ತದೆ. ಬೇರೆ ಲೇಬಲ್‌ಗಾಗಿ ರೆಕಾರ್ಡ್ ಮಾಡುವಂತೆಯೂ ಇಲ್ಲ. ಬ್ಯಾಂಡ್‌ಗಳು ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳುವ ಜಾಗ ಇದೇ.

ತಾಂತ್ರಿಕ ಅಳತೆಗೋಲು ಒಪ್ಪಿಸಿಕೊಂಡರೂ ರಾಕ್ ಬ್ಯಾಂಡ್‌ಗೆ ಇನ್ನೊಂದು ವಾಕ್ಯ ಬೇಕು: ‘ಕಲಾವಿದರು ಬೇಕೆಂದೇ ಬಳಸಿದ ಡಿಸ್ಟಾರ್ಷನ್, ಫೀಡ್‌ಬ್ಯಾಕ್, ಟೇಪಿನ ಗುಂಯ್ ಶಬ್ದ, ಕೋಣೆಯ ಸದ್ದು ದೋಷವಲ್ಲ.’ ಇದಿಲ್ಲದಿದ್ದರೆ ಆಂಪ್ಲಿಫೈಯರ್ ಪಕ್ಕ ಗಿಟಾರ್ ಹಿಡಿದು ಹದವಾಗಿ ಎಬ್ಬಿಸಿದ ಕೂಗನ್ನೇ ತಾಂತ್ರಿಕ ಕೊರತೆ ಎಂದು ಬರೆದು ವಾಪಸ್ ಕಳಿಸಲು ದಾರಿ ಇರುತ್ತದೆ.

ಕೆಲವು ಲೇಬಲ್‌ಗಳು ಮಧ್ಯದ ಮಾತು ಮುಂದಿಡುತ್ತವೆ: ‘ಹಿಂದಿನ ಆಲ್ಬಂಗಳ ಗುಣಮಟ್ಟಕ್ಕೆ ಸರಿಸಮನಾಗಿರಬೇಕು.’ ಕೇಳಲು ನ್ಯಾಯವಾಗಿದೆ, ಆದರೆ ಶೈಲಿ ಬದಲಿಸಿದವರನ್ನು ಹಿಡಿಯುವ ಬಲೆ ಇದರಲ್ಲೇ ಇದೆ. 1983ರಲ್ಲಿ ಗೆಫೆನ್ ರೆಕಾರ್ಡ್ಸ್ ರಾಕ್ ಗಾಯಕ ನೀಲ್ ಯಂಗ್ ಮೇಲೆ ಸುಮಾರು 33 ಲಕ್ಷ ಡಾಲರ್‌ಗೆ ದಾವೆ ಹೂಡಿತು. ಕೊಟ್ಟ ಆಲ್ಬಂಗಳು ಮಾರುಕಟ್ಟೆಗೆ ಒಗ್ಗುವಂಥವಲ್ಲ, ಅವರ ಹಿಂದಿನ ಸಂಗೀತದಂತೆ ಇಲ್ಲ ಎಂಬುದು ದೂರು. ಒಂದರಲ್ಲಿ ಸಿಂಥಸೈಜರ್ ತುಂಬಿತ್ತು, ಇನ್ನೊಂದು 1950ರ ದಶಕದ ರಾಕ್ ಆಂಡ್ ರೋಲ್ ಧಾಟಿಯದು. ದಾವೆ ಕೊನೆಗೆ ನಿಲ್ಲಲಿಲ್ಲ. ಆದರೆ ಅಂಥ ಹೆಸರಿಲ್ಲದ ಹೊಸ ಬ್ಯಾಂಡ್‌ಗೆ ವಕೀಲರ ಖರ್ಚೇ ಮುಳುವಾಗುತ್ತದೆ. ‘ಶೈಲಿ, ವಾದ್ಯ ಅಥವಾ ಪ್ರಕಾರ ಬದಲಾದ ಕಾರಣಕ್ಕೆ ತಿರಸ್ಕರಿಸುವಂತಿಲ್ಲ’ ಎಂದು ಬರೆಸಿ.

ಕೊನೆಗೆ ಗಡುವು. ಡೆಲಿವರಿಯಾದ 30 ದಿನದೊಳಗೆ ಲೇಬಲ್ ಲಿಖಿತವಾಗಿ, ಹಾಡು ಮತ್ತು ದೋಷ ಹೆಸರಿಸಿ ತಕರಾರು ಹೇಳಬೇಕು. ಹೇಳದಿದ್ದರೆ ಆಲ್ಬಂ ಸ್ವೀಕೃತ ಎಂದೇ ಲೆಕ್ಕ. ಈ ಸಾಲು ಇಲ್ಲದಿದ್ದರೆ ಸುಮ್ಮನಿರುವುದೇ ಲೇಬಲ್‌ನ ಅಸ್ತ್ರವಾಗುತ್ತದೆ.

‘ಸಮಾಲೋಚನೆ’ ಬೇರೆ, ‘ಒಪ್ಪಿಗೆ’ ಬೇರೆ

ನಿರ್ಮಾಪಕ, ಮಿಕ್ಸಿಂಗ್ ಎಂಜಿನಿಯರ್, ಹಾಡುಗಳ ಕ್ರಮ, ಮುಖಪುಟ, ಮೊದಲ ಸಿಂಗಲ್ (ಬಿಡಿಯಾಗಿ ಬಿಡುಗಡೆ ಮಾಡುವ ಹಾಡು), ವಿಡಿಯೋ ಇವುಗಳ ಬಗ್ಗೆ ‘ಕಲಾವಿದರೊಂದಿಗೆ ಸಮಾಲೋಚಿಸಿ’ ಎಂದಿದ್ದರೆ ಒಂದು ಫೋನ್ ಮಾಡಿ, ತಮಗೆ ಬೇಕಾದದ್ದನ್ನೇ ಮಾಡಬಹುದು. ‘ಕಲಾವಿದರ ಲಿಖಿತ ಒಪ್ಪಿಗೆ’ ಎಂದಿದ್ದರೆ ಮಾತ್ರ ನಿಮಗೆ ತಡೆಯುವ ಹಕ್ಕಿದೆ. ‘ಪರಸ್ಪರ ಒಪ್ಪಿಗೆ’ ಎಂದು ಕಂಡರೆ ಮುಂದಿನ ಸಾಲನ್ನೂ ಓದಿ. ಭಿನ್ನಾಭಿಪ್ರಾಯ ಬಂದರೆ ಲೇಬಲ್ ಮಾತೇ ಅಂತಿಮ ಎಂದು ಅಲ್ಲಿ ಬಹಳ ಸಲ ಬರೆದಿರುತ್ತದೆ. ಐದು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿದಂತೆ ಎಂಬ ಷರತ್ತನ್ನು ಪ್ರವಾಸದಲ್ಲಿರುವ ಬ್ಯಾಂಡ್ ಪಾಲಿಸಲಾರದು. ಹತ್ತು ಕೆಲಸದ ದಿನ ಕೇಳಿ, ಮ್ಯಾನೇಜರ್‌ಗೂ ಪ್ರತಿ ಹೋಗಬೇಕು ಎಂದು ಸೇರಿಸಿ.

ಎಲ್ಲವೂ ಸಿಗುವುದಿಲ್ಲ. ಬಿಟ್ಟುಕೊಡಲೇಬೇಕಾದರೆ ಸಿಂಗಲ್ ಆಯ್ಕೆ ಬಿಡಿ, ವಿಡಿಯೋ ನಿರ್ದೇಶಕರ ಆಯ್ಕೆ ಬಿಡಿ. ಹಾಡನ್ನು ಕತ್ತರಿಸುವುದು, ರೀಮಿಕ್ಸ್ ಮಾಡುವುದು, ಜಾಹೀರಾತು ಮತ್ತು ರಾಜಕೀಯ ಪ್ರಚಾರಕ್ಕೆ ಕೊಡುವುದು, ಈ ಮೂರಕ್ಕೆ ಲಿಖಿತ ಒಪ್ಪಿಗೆಯನ್ನು ಮಾತ್ರ ಬಿಡಬೇಡಿ.

ಎಷ್ಟು ಆಲ್ಬಂ, ಎಷ್ಟು ವರ್ಷ

‘ಒಂದು ಆಲ್ಬಂ ಖಚಿತ, ನಾಲ್ಕು ಆಯ್ಕೆ’ ಎಂದಿದ್ದರೆ ಆ ಆಯ್ಕೆ ಲೇಬಲ್‌ನದು, ನಿಮ್ಮದಲ್ಲ. ಬೇಡವೆನಿಸಿದರೆ ಅವರು ಒಂದಕ್ಕೇ ಬಿಡಬಹುದು, ನೀವು ಐದನ್ನೂ ಕೊಡಲೇಬೇಕು. ಬರೆಯುವುದು, ರೆಕಾರ್ಡಿಂಗ್, ಪ್ರವಾಸ ಸೇರಿ ಆಲ್ಬಂ ಒಂದಕ್ಕೆ ಎರಡು ವರ್ಷ ಹಿಡಿದರೂ ಹತ್ತು ವರ್ಷ ಆಯಿತು. ಆಯ್ಕೆಗಳನ್ನು ಎರಡಕ್ಕೆ ಇಳಿಸಲು ಹಟ ಹಿಡಿಯಿರಿ, ಅದಕ್ಕಾಗಿ ಮುಂಗಡ ಕಡಿಮೆಯಾದರೂ ಸರಿ. ಹೆಚ್ಚು ಬರೆಯುವವರಾದರೆ ಉಲ್ಟಾ ತೊಂದರೆಯೂ ಇದೆ. ಗಾಯಕ ಪ್ರಿನ್ಸ್ ಮತ್ತು ಅವರ ಲೇಬಲ್ ವಾರ್ನರ್ ಬ್ರದರ್ಸ್ ನಡುವಿನ ಜಗಳದ ಒಂದು ಮೂಲವೇ ಪ್ರಿನ್ಸ್ ಬೇಗಬೇಗ ಆಲ್ಬಂ ತರಲು ಬಯಸಿದ್ದು, ಲೇಬಲ್ ಅಂತರ ಬೇಕೆಂದದ್ದು. 1993ರಲ್ಲಿ ಅವರು ಹೆಸರನ್ನೇ ಒಂದು ಚಿಹ್ನೆಗೆ ಬದಲಿಸಿಕೊಂಡರು, ಕೆನ್ನೆಯ ಮೇಲೆ ‘ಗುಲಾಮ’ ಎಂಬರ್ಥದ ಇಂಗ್ಲಿಷ್ ಪದ ಬರೆದುಕೊಂಡು ಜನರೆದುರು ಬಂದರು. ಲೈವ್ ಮುದ್ರಿಕೆ, ಪಕ್ಕದ ಪ್ರಾಜೆಕ್ಟ್, ಬೇರೆಯವರ ಆಲ್ಬಂನಲ್ಲಿ ಅತಿಥಿಯಾಗಿ ನುಡಿಸುವುದು ಇವಕ್ಕೆಲ್ಲ ಮೊದಲೇ ವಿನಾಯಿತಿ ಬರೆಸಿಕೊಳ್ಳಿ.

ಬ್ಯಾಂಡ್ ಒಡೆದರೆ ಏನು ಅನ್ನುವುದೂ ಇಲ್ಲಿಯೇ ಇರುತ್ತದೆ. ಬಿಟ್ಟುಹೋದ ಸದಸ್ಯರ ಸ್ವಂತ ಆಲ್ಬಂ ಮೇಲೂ ಲೇಬಲ್‌ಗೆ ಹಕ್ಕು ಇಟ್ಟುಕೊಳ್ಳುವುದು ವಾಡಿಕೆ. ಬ್ಯಾಂಡಿನ ಹೆಸರು ಯಾರದು ಎಂದು ಸದಸ್ಯರು ತಮ್ಮಲ್ಲೇ ಬೇರೆ ಪತ್ರ ಮಾಡಿಕೊಂಡಿರಬೇಕು.

ದುಡ್ಡಿನ ಕಲಂ ಕೂಡ ಸ್ವಾತಂತ್ರ್ಯದ ಕಲಮೇ

ಮುಂಗಡ ಒಂದು ಲಕ್ಷ, ರಾಯಲ್ಟಿ (ಆದಾಯದಲ್ಲಿ ನಿಮಗೆ ಬರುವ ಪಾಲು) ಶೇ. 15 ಅಂದುಕೊಳ್ಳಿ. ಮುಂಗಡ ತೀರುವುದು ನಿಮ್ಮ ಶೇ. 15ರ ಪಾಲಿನಿಂದ ಮಾತ್ರ. ಅಂದರೆ ಆದಾಯ ಸುಮಾರು 6,67,000 ಮುಟ್ಟುವವರೆಗೆ ನಿಮಗೆ ರಾಯಲ್ಟಿ ಇಲ್ಲ. ರೆಕಾರ್ಡಿಂಗ್ ಖರ್ಚು, ವಿಡಿಯೋ ಖರ್ಚಿನ ಒಂದು ಭಾಗವೂ ಇದೇ ಖಾತೆಗೆ ಬೀಳುತ್ತವೆ. ಒಂದು ಆಲ್ಬಂನ ಸಾಲವನ್ನು ಇನ್ನೊಂದರ ಗಳಿಕೆಯಿಂದ ಕಳೆಯುವ ಷರತ್ತಿದ್ದರೆ ಸಾಲ ತೀರುವುದೇ ಇಲ್ಲ, ಸಾಲಗಾರನ ಮಾತಿಗೆ ಲೇಬಲ್‌ನ ಸಭೆಯಲ್ಲಿ ಕಿಮ್ಮತ್ತಿಲ್ಲ. ದೊಡ್ಡ ಮುಂಗಡಕ್ಕಿಂತ ಚಿಕ್ಕ ಮುಂಗಡ ಮತ್ತು ಸ್ವಂತ ಸ್ಟುಡಿಯೋ ಸಮಯ ಒಳ್ಳೆಯದು ಅನ್ನುವುದು ನಮ್ಮ ಖಚಿತ ಅಭಿಪ್ರಾಯ.

ಅಮೆರಿಕ ಮತ್ತು ಕೆನಡಾದ ಕರಾರುಗಳಲ್ಲಿ ಹಾಡು ಬರೆದವರ ರಾಯಲ್ಟಿಗೆ ಇನ್ನೊಂದು ಕತ್ತರಿ ಇರುತ್ತದೆ: ನಿಗದಿತ ದರದ ಶೇ. 75 ಮಾತ್ರ, ಅದೂ ಹೆಚ್ಚೆಂದರೆ ಹತ್ತು ಹಾಡಿಗೆ. ಹದಿನಾಲ್ಕು ಹಾಡಿನ ಆಲ್ಬಂ ಮಾಡಿದರೆ ಸಿಗುವುದು ಏಳೂವರೆ ಹಾಡಿನ ದುಡ್ಡು, ಹಾಡೊಂದಕ್ಕೆ ಪೂರ್ಣ ದರದ ಸುಮಾರು ಶೇ. 54. ಆಲ್ಬಂ ಎಷ್ಟು ಉದ್ದವಿರಬೇಕು ಎಂಬ ಕಲೆಯ ಪ್ರಶ್ನೆಯನ್ನು ಈ ಸಾಲು ಸದ್ದಿಲ್ಲದೆ ನಿರ್ಧರಿಸಿಬಿಡುತ್ತದೆ. ಹಾಡಿನ ಹಕ್ಕನ್ನು ಮಾಸ್ಟರ್ ಹಕ್ಕಿನ ಜೊತೆ ಒಂದೇ ಕಂಪನಿಗೆ ಕೊಡಬೇಡಿ. ರಾಕ್ ಗಾಯಕ ಜಾನ್ ಫೊಗರ್ಟಿ ತನ್ನದೇ ಹಳೆಯ ಹಾಡನ್ನು ಹೊಸ ಹಾಡಿನಲ್ಲಿ ನಕಲು ಮಾಡಿದ್ದಾರೆಂದು, ಹಳೆಯದರ ಹಕ್ಕು ಹೊಂದಿದ್ದ ಫ್ಯಾಂಟಸಿ ಕಂಪನಿ ಮೊಕದ್ದಮೆ ಹೂಡಿತ್ತು. ಫೊಗರ್ಟಿ ಗೆದ್ದರು, ವಕೀಲರ ಶುಲ್ಕದ ಪ್ರಶ್ನೆ 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.

ಲೇಬಲ್ ಕೈ ಬದಲಾದರೆ

ನಿಮ್ಮ ಸಂಗೀತ ಇಷ್ಟಪಟ್ಟು ಕರೆತಂದವರು ಕೆಲಸ ಬಿಡಬಹುದು, ಲೇಬಲ್ಲೇ ಮಾರಾಟವಾಗಬಹುದು. ಎಂಸಿಎ 1979ರಲ್ಲಿ ಎಬಿಸಿ ರೆಕಾರ್ಡ್ಸ್ ಕೊಂಡಾಗ ತನ್ನ ಒಪ್ಪಿಗೆಯಿಲ್ಲದೆ ಕರಾರು ಕೈಬದಲಾಯಿತೆಂದು ರಾಕ್ ಗಾಯಕ ಟಾಮ್ ಪೆಟ್ಟಿ ಸೆಣಸಿದರು, ದಿವಾಳಿ ಅರ್ಜಿಯನ್ನೂ ಹಾಕಿದರು. ಎರಡು ವರ್ಷದ ನಂತರ ಆಲ್ಬಂ ಬೆಲೆಯನ್ನು 8.98ರಿಂದ 9.98 ಡಾಲರ್‌ಗೆ ಏರಿಸಲು ಹೊರಟ ಅದೇ ಕಂಪನಿ ಅವರ ವಿರೋಧಕ್ಕೆ ಮಣಿಯಬೇಕಾಯಿತು. ಎರಡು ಸಾಲು ಹಾಕಿಸಿ: ಒಪ್ಪಿಗೆಯಿಲ್ಲದೆ ಕರಾರು ಬೇರೆಯವರಿಗೆ ವರ್ಗಾಯಿಸುವಂತಿಲ್ಲ, ಮತ್ತು ಹೆಸರಿಸಿದ ವ್ಯಕ್ತಿ ಲೇಬಲ್ ಬಿಟ್ಟರೆ ನೀವೂ ಬಿಡಬಹುದು. ಎರಡನೆಯದು ಸುಲಭಕ್ಕೆ ಸಿಗುವುದಿಲ್ಲ, ಆದರೂ ಕೇಳಿ.

ಆಲ್ಬಂ ವಾಪಸ್ ಬಂದಾಗ ಮಾಡಬೇಕಾದ್ದು

ತಕ್ಷಣ ಹೊಸ ಹಾಡು ರೆಕಾರ್ಡ್ ಮಾಡಲು ಹೋಗಬೇಡಿ. ಹೋದರೆ ತಿರಸ್ಕಾರವನ್ನು ಒಪ್ಪಿದಂತಾಗುತ್ತದೆ. ಮೊದಲು ಕಾರಣವನ್ನು ಬರಹದಲ್ಲಿ ಕೇಳಿ. ಫೋನಿನಲ್ಲಿ ಹೇಳಿದರೆ ಅಂದೇ ‘ನೀವು ಹೇಳಿದ್ದು ಇಷ್ಟು’ ಎಂದು ಇಮೇಲ್ ಕಳಿಸಿ. ಪ್ರತಿ ವಾದ್ಯ, ದನಿ ಬೇರೆಬೇರೆಯಾಗಿರುವ ಮಲ್ಟಿಟ್ರ್ಯಾಕ್ ಸೆಷನ್‌ಗಳು, ಎಲ್ಲ ಮಿಕ್ಸ್‌ಗಳು ಎರಡು ಬೇರೆ ಡ್ರೈವ್‌ನಲ್ಲಿ ನಿಮ್ಮ ಬಳಿ ಇರಲಿ. ಕೋಪದಲ್ಲಿ ಹಾಡು ಸೋರಿಕೆ ಮಾಡಿದರೆ ಕರಾರು ಮುರಿದವರು ನೀವಾಗುತ್ತೀರಿ. ಒಂದೆರಡು ಹಾಡಿನ ಮಿಕ್ಸ್ ಬಗ್ಗೆ ಲೇಬಲ್ ಹೇಳುವುದರಲ್ಲಿ ಹುರುಳಿದ್ದರೆ ಬೇರೆ ಮಿಕ್ಸ್ ಕೊಡಿ. ಅದು ಸೋಲಲ್ಲ.

ಮನಸ್ಸು ಕೂಡದಿದ್ದರೆ ಮಾಸ್ಟರ್ ವಾಪಸ್ ಕೊಳ್ಳುವ ಪ್ರಸ್ತಾಪ ಇಡಿ. ರೆಕಾರ್ಡಿಂಗ್ ಖರ್ಚನ್ನು ಹೊಸ ಲೇಬಲ್ ಹಿಂದಿರುಗಿಸುವುದು, ಜೊತೆಗೆ ಹಳೆಯ ಲೇಬಲ್‌ಗೆ ಮಾರಾಟದಲ್ಲಿ ಸಣ್ಣ ಪಾಲು ಕೊಡುವುದು ಸಾಮಾನ್ಯ ಸೂತ್ರ. ವಿಲ್ಕೋ ಬ್ಯಾಂಡಿನ ಆಲ್ಬಂ ಅನ್ನು 2001ರಲ್ಲಿ ಅದರ ಲೇಬಲ್ ರಿಪ್ರೈಸ್ ಬೇಡವೆಂದಿತು. ಬ್ಯಾಂಡ್ ಮಾಸ್ಟರ್‌ಗಳೊಂದಿಗೆ ಹೊರಬಂದು ತನ್ನ ವೆಬ್‌ಸೈಟ್‌ನಲ್ಲಿ ಹಾಡು ಕೇಳಿಸಿತು. 2002ರಲ್ಲಿ ನಾನ್‌ಸಚ್ ಎಂಬ ಲೇಬಲ್ ಆ ಆಲ್ಬಂ ಅನ್ನು ಹೊರತಂದಿತು, ಬಹಳ ಮೆಚ್ಚುಗೆಯೂ ಸಿಕ್ಕಿತು. ರಿಪ್ರೈಸ್, ನಾನ್‌ಸಚ್ ಎರಡೂ ಒಂದೇ ಮಾತೃಸಂಸ್ಥೆಯವು.

ಕರಾರಿನಲ್ಲೇ ದಾರಿ ಇಟ್ಟುಕೊಳ್ಳುವುದು ಇನ್ನೂ ಮೇಲು: ಡೆಲಿವರಿಯಾದ 120 ದಿನದಲ್ಲಿ ಬಿಡುಗಡೆಯಾಗದಿದ್ದರೆ ನೋಟಿಸ್, ಮತ್ತೆ 60 ದಿನ ಕಳೆದರೆ ಕರಾರು ಮುಕ್ತಾಯ, ಮಾಸ್ಟರ್ ಕೊಳ್ಳುವ ಹಕ್ಕು ನಿಮಗೆ.

ಕಾನೂನಿನಲ್ಲಿರುವ ಬಾಗಿಲುಗಳು

ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 2855ನೇ ಸೆಕ್ಷನ್ ವೈಯಕ್ತಿಕ ಸೇವೆಯ ಕರಾರನ್ನು ಏಳು ವರ್ಷಕ್ಕೆ ಮಿತಿಗೊಳಿಸುತ್ತದೆ. ಆದರೆ 1987ರ ತಿದ್ದುಪಡಿಯ ಪ್ರಕಾರ ಕೊಡದೆ ಉಳಿದ ಆಲ್ಬಂಗಳಿಗೆ ಲೇಬಲ್ ಪರಿಹಾರ ಕೇಳಬಹುದು. ಥರ್ಟಿ ಸೆಕೆಂಡ್ಸ್ ಟು ಮಾರ್ಸ್ ಬ್ಯಾಂಡ್ ಈ ಬಾಗಿಲಿಂದ ಹೊರಡಲು ನೋಡಿದಾಗ 2008ರಲ್ಲಿ 3 ಕೋಟಿ ಡಾಲರ್ ದಾವೆ ಎದುರಿಸಿತು, ಮರುವರ್ಷ ರಾಜಿಯಾಯಿತು. ಅಮೆರಿಕದ ಕೃತಿಸ್ವಾಮ್ಯ ಕಾಯ್ದೆಯ 203ನೇ ಸೆಕ್ಷನ್ 1978ರಿಂದೀಚೆಗೆ ಕಲಾವಿದರು ಬಿಟ್ಟುಕೊಟ್ಟ ಹಕ್ಕುಗಳನ್ನು 35 ವರ್ಷದ ನಂತರ ಮರಳಿ ಕೇಳಲು ಬಿಡುತ್ತದೆ. ಅದಕ್ಕೆ ಎರಡರಿಂದ ಹತ್ತು ವರ್ಷ ಮೊದಲೇ ನೋಟಿಸ್ ಕೊಡಬೇಕು. ‘ಕೂಲಿಗೆ ಮಾಡಿದ ಕೃತಿ’ (ಅಂದರೆ ಮೊದಲಿನಿಂದಲೂ ಲೇಬಲ್ಲೇ ಒಡೆಯ) ಎಂಬ ಮಾತು ಕರಾರಿನಲ್ಲಿದ್ದರೆ ಲೇಬಲ್ ಅದನ್ನೇ ಅಡ್ಡ ಹಿಡಿಯುತ್ತದೆ, ಹಾಗಾಗಿ ಸಹಿಗೆ ಮುನ್ನ ಆ ಮಾತನ್ನು ತೆಗೆಸಲು ಪಟ್ಟು ಹಿಡಿಯಿರಿ. ಹೊರಬಿದ್ದ ಮೇಲೆ ಅದೇ ಹಾಡನ್ನು ಮತ್ತೆ ರೆಕಾರ್ಡ್ ಮಾಡಲು ಎಷ್ಟು ವರ್ಷ ಕಾಯಬೇಕು ಎಂಬ ಕಲಂ ಕೂಡ ಇರುತ್ತದೆ. ಕರಾರು ಮುಗಿದು ಎರಡು ವರ್ಷ ಅಥವಾ ರೆಕಾರ್ಡಿಂಗ್ ಆಗಿ ಐದು ವರ್ಷ, ಯಾವುದು ತಡವೋ ಅದು ಎಂಬುದು ಹಳೆಯ ರೂಢಿ. ಅದಕ್ಕಿಂತ ಹೆಚ್ಚು ಕೇಳಿದರೆ ಒಪ್ಪಬೇಡಿ.