ನಿಮ್ಮದೇ ಕನ್ನಡ ಫಾಂಟ್ ಮಾಡಬೇಕಾ?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೈಯಲ್ಲಿ ಬರೆದ ಬೋರ್ಡಿನ ಅಕ್ಷರ ಕಂಡರೆ ಫಾಂಟ್ ಮಾಡುವ ಆಸೆ ಬರುತ್ತದೆ, ಅಲ್ವಾ? ದುಡ್ಡೇನೂ ಬೇಡ. ಫಾಂಟ್ ಮಾಡುವ ಫಾಂಟ್‌ಫೋರ್ಜ್, ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ಎರಡೂ ಸಾಫ್ಟ್‌ವೇರ್ ಪುಕ್ಕಟೆ.

ದಪ್ಪ ಪೆನ್ನಿನಲ್ಲಿ ದೊಡ್ಡದಾಗಿ ಬರೆದು, ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್‌ನಲ್ಲಿ ಔಟ್‌ಲೈನ್ ತೆಗೆದು, ಎಸ್‌ವಿಜಿ (ಗೆರೆಗಳಾಗಿ ಉಳಿಸಿದ ಚಿತ್ರ) ಫೈಲನ್ನು ಫಾಂಟ್‌ಫೋರ್ಜ್‌ಗೆ ಇಂಪೋರ್ಟ್ ಮಾಡಿ. ಔಟ್‌ಲೈನ್ ಮೇಲೆ ಬೇಡದ ಪಾಯಿಂಟ್‌ಗಳು ರಾಶಿ ಬಂದಿರುತ್ತವೆ, ಅಳಿಸಿ. ಸೊನ್ನೆಗೆ ಹೊರಗೆ ನಾಲ್ಕು, ಒಳಗೆ ನಾಲ್ಕು ಸಾಕು.

ಅಸಲಿ ತಲೆನೋವು ಒತ್ತಕ್ಷರದ್ದು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಜಾಗ ಇದ್ದರೂ ಒತ್ತುಗಳಿಗೆ ಬೇರೆ ಜಾಗ ಇಲ್ಲ. ಗ ಒತ್ತನ್ನು ಬೇರೆ ಗ್ಲಿಫ್ (ಫಾಂಟಿನೊಳಗಿನ ಒಂದು ಆಕಾರ) ಆಗಿ ಬರೆದು, ‘ವಿರಾಮ ಚಿಹ್ನೆ (್) ಆದ ಕೂಡಲೇ ಗ ಬಂದರೆ ಇದನ್ನು ಹಾಕು’ ಅಂತ ಲುಕಪ್‌ನಲ್ಲಿ (ಆಕಾರ ಬದಲಿಸುವ ನಿಯಮದಲ್ಲಿ) ಹೇಳಬೇಕು. ಆ ಲುಕಪ್‌ಗೆ ಆರಿಸಬೇಕಾದ ಫೀಚರ್ ಬಿಲೋ-ಬೇಸ್ ಫಾರ್ಮ್ಸ್, ಸ್ಕ್ರಿಪ್ಟ್ ಟ್ಯಾಗ್ (ಲಿಪಿಯ ಗುರುತು) ಕೆಎನ್‌ಡಿ2 (knd2). ಅರ್ಕಾವತ್ತಿಗೆ ಫೀಚರ್ ರೇಫ್ ಫಾರ್ಮ್ (Reph Form). ಕಾಗುಣಿತವೂ ಹೀಗೇ: ಕ, ಇಕಾರ ಸೇರಿದರೆ ‘ಕಿ’ ಅನ್ನುವ ಒಂದೇ ಗ್ಲಿಫ್ ಬರುವ ಹಾಗೆ ಮಾಡುವುದು ನನ್ನ ಪ್ರಕಾರ ವಾಸಿ, ಕೆಲಸ ಜಾಸ್ತಿ, ಆದರೆ ತಲೆಕಟ್ಟಿನ ಹತ್ತಿರ ಅಸಹ್ಯವಾಗಿ ಕಾಣುವುದಿಲ್ಲ.

ಪರೀಕ್ಷೆಗೆ ನಮ್ಮ ಊರುಗಳೇ ಸಾಕು. ‘ತೀರ್ಥಹಳ್ಳಿ’ಯಲ್ಲಿ ಅರ್ಕಾವತ್ತು, ಒತ್ತು, ಗುಡಿಸು, ದೀರ್ಘ ಎಲ್ಲಾ ಇವೆ. ‘ಶಿವಮೊಗ್ಗ’ವನ್ನು ಎರಡು ಸಾಲು ಬರೆದು ನೋಡಿ. ಗ ಒತ್ತಿನ ಬಾಲ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿದರೆ ಡಿಸೆಂಡರ್ (ಅಕ್ಷರದ ಕೆಳಗೆ ಬಿಡುವ ಜಾಗ) ಕಡಿಮೆ ಆಗಿದೆ, ಹೆಚ್ಚಿಸಿ. ಆಮೇಲೆ ಫೈಲ್ ಮೆನುವಿನಲ್ಲಿ ಜನರೇಟ್ ಫಾಂಟ್ಸ್ ಒತ್ತಿ, ಟಿಟಿಎಫ್ (ಟ್ರೂಟೈಪ್ ಫಾಂಟ್ ಫೈಲ್) ಆರಿಸಿ, ಇನ್‌ಸ್ಟಾಲ್ ಮಾಡಿ.