ಮಾಳಿಗೆ ಮೇಲಿಂದ ಗಂಗಾವತಿಯ ಚಳಿಗಾಲ

ನಮ್ಮ ಕಡೆ ಫೋಟೋ ಹುಚ್ಚಿನವರೆಲ್ಲ ಮಳೆಗಾಲಕ್ಕೆ ಕಾಯುತ್ತಾರೆ. ತುಂಗಭದ್ರಾ ಡ್ಯಾಂ ಗೇಟು ತೆಗೆದರೆಂದರೆ ಮುನಿರಾಬಾದ್ ಕಡೆ ಕ್ಯಾಮೆರಾಗಳದೇ ಸಾಲು. ನನಗೆ ಬೇಕಾದ ಕಾಲ ನವೆಂಬರ್‌ನಿಂದ ಜನವರಿ, ಬೇಕಾದ ಜಾಗ ನಮ್ಮ ಮಾಳಿಗೆ. ಮನೆ ಗಂಗಾವತಿಯ ಅಂಚಿನಲ್ಲಿದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಮುಂದೆ ಭತ್ತದ ಗದ್ದೆ, ನಡುವೆ ಒಂದು ಕರೆಂಟ್ ಕಂಬ, ಹಿಂದೆ ಆನೆಗೊಂದಿ ಕಡೆಯ ಬಂಡೆಗುಡ್ಡಗಳು. ಪ್ರತಿ ಸಲ ಇದೇ ಚೌಕಟ್ಟು. ಟ್ರೈಪಾಡ್ ಕಾಲು ಊರುವ ಕಡೆ ಪೇಂಟ್‌ನಲ್ಲಿ ಮೂರು ಚುಕ್ಕೆ ಇಟ್ಟಿದ್ದೇನೆ. ಜಾಗ ಅಲುಗಾಡದಿದ್ದರೆ ಮಾತ್ರ ಹವೆ ಬದಲಾದದ್ದು ಚಿತ್ರದಲ್ಲಿ ಕಾಣುತ್ತದೆ.

ಬೆಳಿಗ್ಗೆ ಮಂಜು ಬೀಳುತ್ತದೋ ಇಲ್ಲವೋ ಎಂಬ ಅಂದಾಜು ರಾತ್ರಿಯೇ ಸಿಗುತ್ತದೆ. ಆಕಾಶದಲ್ಲಿ ಮೋಡ ಇರಬಾರದು, ಗಾಳಿ ನಿಂತಿರಬೇಕು, ನೆಲ ಹಸಿ ಇರಬೇಕು. ಮೋಡದ ಹೊದಿಕೆ ಇಲ್ಲದ ರಾತ್ರಿ ನೆಲದ ಬಿಸಿ ಬೇಗ ಆರಿಹೋಗುತ್ತದೆ, ಅದಕ್ಕೆ ತಾಗಿದ ತೇವದ ಗಾಳಿ ತಣ್ಣಗಾಗಿ ಮಂಜು ಕಟ್ಟುತ್ತದೆ. ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಜನವರಿಯಲ್ಲಿ ಗದ್ದೆ ತುಂಬ ನೀರಿರುವುದರಿಂದ ನನಗೆ ಹಬ್ಬ.

ಡಿಸೆಂಬರ್ ಮೂರನೇ ವಾರ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ. ಸಂಕ್ರಾಂತಿ ಮುಗಿದರೆ ಬೇಗ ಹುಟ್ಟುತ್ತಾನೆಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ, ಜನವರಿ ಮೂರನೇ ವಾರಕ್ಕೆ ಇನ್ನೂ ಎಂಟೊಂಬತ್ತು ನಿಮಿಷ ತಡ. ನಾನಂತೂ ಆರು ಗಂಟೆಗೇ ಮೇಲಿರುತ್ತೇನೆ.

ಮೊದಲು ಎಲ್ಲವೂ ನೀಲಿ, ಕಂಬದ ಬುಡ ಬಿಟ್ಟು ಏನೂ ಕಾಣದು. ಕ್ಯಾಮೆರಾ ಬಿಳಿ ಮಂಜನ್ನು ಬೂದು ಮಾಡಲು ನೋಡುತ್ತದೆ, ಅದಕ್ಕೆ ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಮುಕ್ಕಾಲರಿಂದ ಒಂದು ಸ್ಟಾಪ್ ಏರಿಸುತ್ತೇನೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಬಣ್ಣದ ಛಾಯೆ ಸರಿಮಾಡುವ ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ (ಹಗಲು ಬಿಸಿಲಿನ ಸೆಟ್ಟಿಂಗ್‌ಗೆ) ಕಟ್ಟಿಹಾಕುತ್ತೇನೆ, ಆಟೋದಲ್ಲಿಟ್ಟರೆ ಆ ನೀಲಿಯೇ ಅಳಿಸಿಹೋಗುತ್ತದೆ. ಮಂಜಿನಲ್ಲಿ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ, ಹಾಗಾಗಿ ಕಂಬದ ಅಂಚಿಗೆ ಫೋಕಸ್ ಹಿಡಿದು ಮ್ಯಾನುಯಲ್‌ಗೆ ತಿರುಗಿಸಿಬಿಡುವುದು.

ಈ ತಿಂಗಳುಗಳಲ್ಲಿ ಸೂರ್ಯ ನೇರ ಪೂರ್ವಕ್ಕೆ ಹುಟ್ಟದೆ ಸುಮಾರು 24 ಡಿಗ್ರಿವರೆಗೆ ದಕ್ಷಿಣಕ್ಕೆ ಸರಿದಿರುತ್ತಾನೆ. ಬೆಳಕು ಎಡಗಡೆಯಿಂದ ಓರೆಯಾಗಿ ಬರುತ್ತದೆ. ಮೊದಲು ಕೆಂಪೇರುವುದು ಮಂಜಿನ ಮೇಲೆ ತಲೆ ಎತ್ತಿದ ಬಂಡೆಗಳು ಮಾತ್ರ, ಗದ್ದೆ ಇನ್ನೂ ನೀಲಿಯಲ್ಲೇ ಇರುತ್ತದೆ. ಒಂದೇ ಚಿತ್ರದಲ್ಲಿ ಎರಡು ಬಣ್ಣ ಸಿಗುವ ಆ ಐದಾರು ನಿಮಿಷಕ್ಕಾಗಿ ಥಂಡಿಯಲ್ಲಿ ನಡುಗಬಹುದು. ಆಗ ಏರಿಸಿದ ಎಕ್ಸ್‌ಪೋಷರ್ ಇಳಿಸಬೇಕು, ಇಲ್ಲವಾದರೆ ಬಂಡೆಯ ಕೆಂಪು ಸುಟ್ಟು ಬಿಳಿಚಿಕೊಳ್ಳುತ್ತದೆ. ಆಮೇಲೆ ಬಿಸಿಲು ಮಂಜಿನೊಳಗೆ ನುಗ್ಗಿ ಎಲ್ಲವೂ ಸಪ್ಪೆ ಬಿಳಿ. ಬಹಳ ಜನ ಇಲ್ಲಿಗೆ ಸಾಕೆಂದು ಇಳಿದುಬಿಡುತ್ತಾರೆ. ನಿಂತರೆ ಲಾಭವಿದೆ, ಮಂಜು ಹರಿದು ತಂತಿ, ಬದು, ಕೊಕ್ಕರೆ ಒಂದೊಂದಾಗಿ ಹೊರಬರುತ್ತವೆ.

ಬಂಗಾಳ ಕೊಲ್ಲಿ ಕೆರಳಿದಾಗ ಕತೆಯೇ ಬೇರೆ. 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿ ಬಳಿ ದಡ ಮುಟ್ಟಿತು. ಇಂಥ ಚಂಡಮಾರುತ ನಮ್ಮಿಂದ ದೂರವೇ ಇದ್ದರೂ ಮೋಡ ಕಳಿಸುತ್ತದೆ. ಮೊದಲು ಎತ್ತರದಲ್ಲಿ ಎಳೆಎಳೆ ಮೋಡ, ಚಂದ್ರನ ಸುತ್ತ ದೊಡ್ಡ ಉಂಗುರ, ಮರುದಿನ ಬೂದು ಮುಸುಕು. ಕೊಯ್ಲಿನ ಹೊತ್ತಾದ್ದರಿಂದ ರಸ್ತೆ ಮೇಲೆ ಹರವಿದ ಭತ್ತಕ್ಕೆ ತಾಡಪತ್ರಿ ಎಳೆಯುವ ಗಡಿಬಿಡಿ. ಪಕ್ಕದ ಹೊಲದ ಕಾಕಾ ಕೆಳಗಿಂದ ಕೂಗಿದರು: “ಮೋಡ ಬಂದ್ರ ನಮಗ ನಿದ್ದಿಲ್ಲ, ನಿನಗ ಫೋಟೋ ಏನಪಾ? ಇಳದ್ ಬಾ, ಒಂದ್ ತುದಿ ಹಿಡಿ.” ಇಳಿದು ಹೋಗಿ ಹಿಡಿದೆ. ಆ ಬೂದು ಬೆಳಕಿನಲ್ಲಿ ನೀಲಿ ತಾಡಪತ್ರಿ ಎಷ್ಟು ಚೆನ್ನಾಗಿ ಕಾಣುತ್ತದೆಂದು ಗೊತ್ತಾದದ್ದು ಕೆಳಗೆ ನಿಂತಾಗಲೇ. ಮೊಬೈಲ್‌ನಲ್ಲೇ ತೆಗೆದೆ, ಅವರ ಭತ್ತ ಮುಚ್ಚಿದ ಮೇಲೆ.

ಕಂಪ್ಯೂಟರ್‌ನಲ್ಲಿ ಮಾಡುವುದು ಕಡಿಮೆ. ಒಂದು ಬೆಳಿಗ್ಗೆಯ ಅಷ್ಟೂ ರಾ ಫೈಲಿಗೆ (ಕ್ಯಾಮೆರಾ ಕೊಡುವ ಕಚ್ಚಾ ಚಿತ್ರಕ್ಕೆ) ಬಣ್ಣದ ಸೆಟ್ಟಿಂಗ್ ಒಂದೇ. ಮಂಜು ತೆಗೆಯುವ ಡಿಹೇಜ್ ಸ್ಲೈಡರನ್ನಂತೂ ಮುಟ್ಟುವುದೇ ಇಲ್ಲ.